ಕೌದಿ ಆರುವ ತನಕ

ಮೊರದಲ್ಲಿ ಜೋಳ, ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಹಸಿರು ಜಂಪರ್ ಪೀಸು ಇಟ್ಟು ಗುರುಶಾಂತಮ್ಮ ಅದನ್ನು ಮಗಳು ಶಿವಕಾಂತಾಳ ಕಡೆ ಸರಿಸಿದಳು. ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸುವುದುಂಟೆ? ತಾನು ಗಂಡ ಸತ್ತವಳು, ಉಡಿ ತುಂಬುವ ಹಾಗಿಲ್ಲ. ಶಿವಕಾಂತಾಳೇ ತುಂಬಬೇಕು. ಶಿವಕಾಂತಾ ಮೊರ ಮುಟ್ಟಲಿಲ್ಲ.

ಉಡಿ ತುಂಬಿಸಿಕೊಳ್ಳಬೇಕಾದ ಸಿಸ್ಟರ್ ಸೆವ್ರಿನ್ ಪಡಸಾಲೆಯ ಕಂಬಳಿಯ ಮೇಲೆ ಕೂತು ಬೆವರುತ್ತಿದ್ದರು. ಸನ್ಯಾಸಿನಿಗೆ ಉಡಿ ತುಂಬಬಹುದೇ ಎಂಬ ಪ್ರಶ್ನೆಯನ್ನು ಗುರುಶಾಂತಮ್ಮ ಇಪ್ಪತ್ತು ವರ್ಷದ ಹಿಂದೆಯೇ ಬಗೆಹರಿಸಿಕೊಂಡಿದ್ದಳು. ಮಗಳನ್ನು ಓದಲು ಬಿಟ್ಟಿದ್ದ ಕಾನ್ವೆಂಟ್ ಬೋರ್ಡಿಂಗಿನ ದೊಡ್ಡ ಸಿಸ್ಟರ್ ಬೆರಳಲ್ಲಿ ಉಂಗುರವಿತ್ತು. ವಿಚಾರಿಸಿದರೆ, ದೇವರ ಜೊತೆ ಮದುವೆ ಅಂದರು. ಗಂಡ ಸಾಯುವ ಭಯವೇ ಇಲ್ಲದವಳು, ಅವಳಿಗಿಂತ ದೊಡ್ಡ ಮುತ್ತೈದೆ ಎಲ್ಲಿ ಸಿಕ್ಕಾಳು? ಅಂದಿನಿಂದ ಬೋರ್ಡಿಂಗಿಗೆ ಹೋದಾಗಲೆಲ್ಲ ಓಣಿಯ ಯಾರಾದರೊಬ್ಬ ಮುತ್ತೈದೆಯನ್ನು ಕರೆದೊಯ್ದು ಆಕೆಯ ಉಡಿ ತುಂಬಿಸಿ, ತಾನು ಕಾಲಿಗೆ ಬಿದ್ದು ಬರುತ್ತಿದ್ದಳು.

ಆ ದೊಡ್ಡ ಸಿಸ್ಟರ್ ಹೋದ ವರ್ಷ ತೀರಿಕೊಂಡರು. ಅವರ ಜಾಗಕ್ಕೆ ಬಂದ ಸೆವ್ರಿನ್ ಮಂಗಳೂರಿನ ಕಡೆಯವರು. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಹಳೆಯ ಹುಡುಗಿಯರಿಗೆಲ್ಲ ಆಮಂತ್ರಣ ಕಳಿಸಿದ್ದರು. ಶಿವಕಾಂತಾ ಬೋರ್ಡಿಂಗಿನಲ್ಲಿ ತನಗೆ ಆದದ್ದನ್ನೆಲ್ಲ ಇನ್‌ಲ್ಯಾಂಡ್ ಪತ್ರದ ಅಂಚಿನವರೆಗೂ ಬರೆದು ಉತ್ತರ ಹಾಕಿದಳು. ನಡೆದದ್ದು ತಪ್ಪು ಅನಿಸಿದರೆ ನನಗೆ ಹೇಳಬೇಡಿರಿ, ನೆಲೋಗಿಗೆ ಬಂದು ನಮ್ಮ ಅವ್ವನ ಮುಂದೆ ಹೇಳಿರಿ, ಆಕೆ ನನ್ನ ಮಾತು ಇವತ್ತಿಗೂ ನಂಬಿಲ್ಲ ಎಂದು ಮುಗಿಸಿದ್ದಳು. ಬರುತ್ತಾರೆಂಬ ಭರವಸೆ ಅವಳಿಗೇನೂ ಇರಲಿಲ್ಲ. ಬರುತ್ತೇನೆಂದು ಸಿಸ್ಟರ್ ಕಾರ್ಡು ಬಂತು. ಜೇವರ್ಗಿಯ ಗಂಡನ ಮನೆಯಿಂದ ಅವಳೂ ಬೆಳಗಿನ ಬಸ್ಸಿಗೆ ಬಂದಳು.

ಬಂದ ಸಿಸ್ಟರ್ ಮಾತ್ರ ವಿಷಯಕ್ಕೆ ಬರಲೊಲ್ಲರು. ಮಳೆ ಬೆಳೆ ಕೇಳಿದರು, ಚಹಾ ಕುಡಿದರು, ಒಳಗೆ ಹೋಗಿ ಇಬ್ಬರೇ ಮಾತಾಡೋಣವೇ ಎಂದು ಶಿವಕಾಂತಾಳನ್ನು ಮೆಲ್ಲಗೆ ಕೇಳಿದರು.

"ಇಲ್ರಿ. ಇಲ್ಲೇ ಹೇಳ್ರಿ," ಎಂದಳು ಶಿವಕಾಂತಾ. "ಅವ್ವ ಕೇಳಬೇಕು. ಅದಕ್ಕೇ ನಿಮಗ ಕರಸೀನಿ."

ಗುರುಶಾಂತಮ್ಮನಿಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಮಗಳು ಮೂರು ಸಲ ಬೋರ್ಡಿಂಗಿನಿಂದ ಓಡಿಬಂದಿದ್ದಳು. ಮೂರು ಸಲವೂ ಗುರುಶಾಂತಮ್ಮನೇ ರಟ್ಟೆ ಹಿಡಿದು ಎಳೆದೊಯ್ದು ವಾಪಸು ಬಿಟ್ಟಿದ್ದಳು. ಕೂಲಿಗೆ ಹೋಗುವ ವಿಧವೆಗೆ ಮಗಳು ಎರಡು ಹೊತ್ತು ಉಂಡು ನಾಲ್ಕಕ್ಷರ ಕಲಿಯುವುದೇ ದೊಡ್ಡದಾಗಿತ್ತು. ಸಿಸ್ಟರ್ ಆ ಹಳೆಯ ದೂರನ್ನೇ ತಂದಿದ್ದಾರೆಂದುಕೊಂಡು ತಾನೇ ಮೊದಲು ಕೈಮುಗಿದಳು. ಹುಡುಗಿಯದು ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದಳು.

ಸಿಸ್ಟರ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ತಪ್ಪು ನಮ್ಮದಮ್ಮಾ. ನಿಮ್ಮ ಮಗಳು ನಿದ್ದೆಯಲ್ಲಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಅದಕ್ಕೆ ಬೆತ್ತದಿಂದ ಹೊಡೆದಿದ್ದಾರೆ. ಒದ್ದೆ ಕೌದಿ ತಲೆಯ ಮೇಲೆ ಹೊರಿಸಿ, ಎಲ್ಲ ಮಕ್ಕಳ ಎದುರಿಗೆ ಅಂಗಳದಲ್ಲಿ ನಿಲ್ಲಿಸಿದ್ದಾರೆ, ಅದು ಆರುವ ತನಕ. ಇವಳೊಬ್ಬಳನ್ನೇ ಅಲ್ಲ. ಆಗಿನ ಅಡುಗೆಯವಳನ್ನು ಹುಡುಕಿ ಕೇಳಿದೆ, ನಿಜ ಅಂದಳು. ಗೊತ್ತಿದ್ದವರೂ ಸುಮ್ಮನಿದ್ದರು. ನಾನು ಕ್ಷಮೆ ಕೇಳಲು ಬಂದಿದ್ದೇನೆ."

ಗುರುಶಾಂತಮ್ಮ ಮಗಳ ಮುಖ ನೋಡಲಿಲ್ಲ. ಇದೇ ಮಾತನ್ನು ಅವಳು ಎಂಟು ವರ್ಷದವಳಿದ್ದಾಗ ಇದೇ ಪಡಸಾಲೆಯಲ್ಲಿ ಹೇಳಿದ್ದಳು. ದೇವರಂಥವರ ಮೇಲೆ ಸುಳ್ಳು ಹೇಳುತ್ತೀಯಾ ಎಂದು ಬಾಯಿ ಮೇಲೆ ಹೊಡೆದದ್ದು ನೆನಪಿತ್ತು. ಹಾಸಿಗೆಯ ವಿಷಯವನ್ನು ದೊಡ್ಡ ಸಿಸ್ಟರ್ ಕಿವಿಗೆ ಹಾಕಿ, ಬುದ್ಧಿ ಕಲಿಸಿರಿ ಎಂದು ಬೇಡಿಕೊಂಡು ಬಂದವಳೂ ತಾನೇ.

ಇಷ್ಟು ಕೇಳಿದರೆ ಎದೆ ಹಗುರಾಗುತ್ತದೆ ಎಂದು ಶಿವಕಾಂತಾ ಎಷ್ಟೋ ವರ್ಷ ಎಣಿಸಿದ್ದಳು. ಹಗುರಾಗಲಿಲ್ಲ. ಸಿಟ್ಟು ಮಾತ್ರ ಬಂತು, ಕೂತಿದ್ದ ಇಬ್ಬರ ಮೇಲೂ.

ಸಿಸ್ಟರ್ ಎದ್ದು ಚಪ್ಪಲಿ ಮೆಟ್ಟಿದರು. ಉಡಿಯ ಮಾತನ್ನು ಯಾರೂ ಎತ್ತಲಿಲ್ಲ. ಅವರು ಓಣಿ ದಾಟಿದ ಮೇಲೆ ಗುರುಶಾಂತಮ್ಮ ಕಂಬಕ್ಕೆ ಒರಗಿ ಕೂತು ಕೇಳಿದಳು:

"ಎಷ್ಟೊತ್ತಿಗೆ ಆರ್ತಿತ್ತ ಬೇ?"

"ಬ್ಯಾರೇರವು ಚಾದರ. ಲಗೂನ ಆರ್ತಿದ್ವು. ನಂದು ನೀ ಹೊಲಿದು ಕೊಟ್ಟ ಕೌದಿ. ಮಧ್ಯಾಹ್ನ ಆಗ್ತಿತ್ತು."

ಮಗಳಿಗೆ ಥಂಡಿ ಹತ್ತಬಾರದೆಂದು ಹಳೆಯ ಸೀರೆಗಳನ್ನು ಆರು ಪದರ ಇಟ್ಟು ಹೊಲಿದದ್ದು ಅದು. ಗುರುಶಾಂತಮ್ಮನಿಗೆ ಒಂದೊಂದು ಸೀರೆಯ ಬಣ್ಣವೂ ಗೊತ್ತಿತ್ತು. ತಾನು ನೋಡಲು ಬಂದ ದಿನ ಹಾಗೇನೂ ಮಾಡಿರಲಿಕ್ಕಿಲ್ಲ ಎಂದಳು.

"ಒಂದಿನ ಮಾಡಿದ್ರು. ಪ್ರಾರ್ಥನೆಗೆ ಕುಂತಾಳಂತ ನಿನಗ ಹೇಳಿದ್ರು. ನಾ ಗ್ವಾಡಿ ಆಚಿ ಕಡಿ ನಿಂತಿದ್ದೆ. ನಿನ್ನ ದನಿ ಕೇಳಸ್ತಿತ್ತು."

"ಒದರಬಾರದಿತ್ತೇನ?"

"ಒದರಿದ್ರ ನೀ ಏನ ಮಾಡ್ತಿದ್ದಿ ಯವ್ವಾ?"



ಊರ ಮುಂದೆ ಜೇವರ್ಗಿಯ ಬಸ್ಸು ಹಾರ್ನ್ ಹೊಡೆಯಿತು. ಶಿವಕಾಂತಾಳ ಚೀಲ ಬಾಗಿಲಲ್ಲೇ ಇತ್ತು. ಏಳು, ಬಸ್ಸು ತಪ್ಪುತ್ತದೆ ಎಂದು ತಾಯಿ ಅನ್ನಲಿಲ್ಲ. ಇನ್ನೊಮ್ಮೆ ಹಾರ್ನ್ ಕೇಳಿಸಿತು, ಆಮೇಲೆ ಬಸ್ಸು ಹೊರಟ ಸದ್ದು. ಅದು ಪೂರ್ತಿ ಅಡಗುವ ತನಕ ಇಬ್ಬರೂ ಕೂತೇ ಇದ್ದರು.