ಕೈಯೋ, ಗಾಡಿಯೋ

ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ ಕಾರಿನ ಸ್ಟೀರಿಂಗ್ ತಿರುಗಲಿಲ್ಲ. ವೆಂಕಟರಾಮಪ್ಪ ಜೋರಾಗಿ ಎಳೆದರು. ಗಾಡಿ ಅರೆಬರೆ ಹೊರಳಿ ಎದುರಿನ ಬಸ್ಸಿನ ಕಡೆಗೇ ನುಗ್ಗಿತು. ಬಸ್ಸಿನವನು ಹಾರನ್ ಒತ್ತಿ ಪಕ್ಕಕ್ಕೆ ಸರಿದದ್ದರಿಂದ ಉಳಿದರು. ಹೇಗೋ ಬ್ರೇಕ್ ತುಳಿದು ಹುಣಸೆಮರದ ಕೆಳಗೆ ನಿಲ್ಲಿಸಿದರು.

ಅವರು ನೋಡಿದ್ದು ಕಾರನ್ನಲ್ಲ, ತಮ್ಮ ಎಡಗೈಯನ್ನು. ಹೋದ ವರ್ಷ ಹಸುವಿಗೆ ಮೇವು ಹಾಕುತ್ತಿದ್ದಾಗ ಇದೇ ಕೈ ಸೋತು ಜೋತುಬಿದ್ದಿತ್ತು. ಲಕ್ವ ಎಂದಿದ್ದರು ಡಾಕ್ಟರು. ಚೇತರಿಸಿಕೊಂಡು ಮತ್ತೆ ಕಾರು ಮುಟ್ಟಿ ಇನ್ನೂ ತಿಂಗಳಾಗಿರಲಿಲ್ಲ.

"ಏನಾಯ್ತು ರೀ?" ಪಕ್ಕದಲ್ಲಿದ್ದ ಹೆಂಡತಿ ವೆಂಕಟರತ್ನಮ್ಮ ಕೇಳಿದಳು.

"ಏನಿಲ್ಲ. ಸ್ವಲ್ಪ ನಿಲ್ಲಣ ಅಂತ."

ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಮಡಚಿ ನೋಡಿದರು. ಮಡಚಿದವು. ಅವತ್ತೂ ಮೊದಮೊದಲು ಬೆರಳು ಆಡುತ್ತಿದ್ದವಲ್ಲ! ನಾಲಿಗೆಯೂ ದಪ್ಪವಾದಂತೆ ಅನಿಸಿತು.

ರತ್ನಮ್ಮ ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ನಗ್ರಿ."

"ಈಗ್ಲಾ?"

"ನಗ್ರಿ ಅಂದ್ರೆ ನಗ್ರಿ. ಬಾಯಿ ವಾರೆ ಆಗಿದ್ಯಾ ನೋಡ್ಬೇಕು."

ಅಳುವಂಥ ನಗು ಬಂತು. ವಾರೆಯಾಗಿರಲಿಲ್ಲ. ಎರಡು ಕೈಯನ್ನೂ ಎತ್ತಿಸಿದಳು, ಸಮವಾಗೇ ನಿಂತವು.

"ಆದ್ರೂ ಎಷ್ಟು ಎಳೆದ್ರೂ ತಿರುಗ್ಲಿಲ್ಲ ಕಣೇ. ಮತ್ತೆ ಬಂದ್ಬಿಡ್ತು ಅನ್ಸುತ್ತೆ."

ಜನ್ಮದಲ್ಲಿ ಕಾರು ಓಡಿಸದ ರತ್ನಮ್ಮ ಇಳಿದು ಸುತ್ತಿಬಂದು ಗಂಡನನ್ನು ಇಳಿಸಿ ತಾನು ಕೂತಳು. ಇಂಜಿನ್ ಇನ್ನೂ ಓಡುತ್ತಿತ್ತು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

"ಅಯ್ಯೋ, ನನಗೂ ಆಗ್ತಿಲ್ಲ ರೀ! ತುಕ್ಕು ಹಿಡಿದ ರಾಟೆ ಇದ್ದಂಗಿದೆ!"

ಅವರಿಗೆ ನಂಬಿಕೆ ಬರಲಿಲ್ಲ. ಹೆಂಗಸಿನ ಕೈಯಲ್ಲವೇ ಎಂದುಕೊಂಡರು. ಫೋನು ಮಾಡಿದ ಮೇಲೆ ಮೆಕ್ಯಾನಿಕ್ ಬೀರೇಶ್ ಬರುವ ತನಕ ಮರಕ್ಕೆ ಒರಗಿ ಎಡಗೈಯನ್ನು ಬಲಗೈಯಿಂದ ಒತ್ತಿ ಒತ್ತಿ ನೋಡುತ್ತಲೇ ಇದ್ದರು.

ಬೀರೇಶ್ ಟೈರಿನ ಗಾಳಿ ನೋಡಿದ, ಸರಿಯಾಗಿತ್ತು. ಸ್ಟೀರಿಂಗ್ ತಿರುಗಿಸಿದಾಗ ಬಾನೆಟ್ಟಿನೊಳಗೆ ಏನೋ ಗುಂಯ್ ಎಂದು ನರಳಿತು. ತೆರೆದು ಬಗ್ಗಿದ.

"ಸ್ಟೀರಿಂಗ್ ಹಗುರ ಮಾಡೋ ಆಯಿಲ್ಲೇ ಡಬ್ಬಿಲಿ ಇಲ್ಲ ಸಾರ್. ಪೈಪ್ ಒಡೆದು ಎಲ್ಲಾ ಸೋರ್ಹೋಗಿದೆ. ನಾನೇ ಎರಡು ಕೈಲಿ ಎಳೀಬೇಕಾಯ್ತು."

ವೆಂಕಟರಾಮಪ್ಪ ರಸ್ತೆಯ ಅಂಚಿನಲ್ಲೇ ಕುಸಿದು ಕೂತರು.

ಪೈಪ್ ಬದಲಾಯಿತು, ಆಯಿಲ್ ತುಂಬಿತು. ಒಂದು ರೌಂಡ್ ಹೊಡೀರಿ ಎಂದು ಬೀರೇಶ್ ಕೀ ಚಾಚಿದ. ಅವರು ಮುಟ್ಟಲಿಲ್ಲ.

"ನೀನೇ ಓಡಿಸಪ್ಪ. ಚಿಂತಾಮಣಿಗೆ, ಡಾಕ್ಟ್ರ ಹತ್ರ."

ರತ್ನಮ್ಮ ಬೆರಗಾದಳು. "ಗಾಡೀದೇ ಅಂತ ಗೊತ್ತಾಯ್ತಲ್ಲ?"

"ಇವತ್ತು ಗಾಡೀದೇ." ಅವರು ತಲೆ ಎತ್ತಲಿಲ್ಲ. "ಆದ್ರೆ ಸುಮಾರು ದಿನದಿಂದ ಬೆಳಿಗ್ಗೆ ಎದ್ರೆ ಈ ಕೈ ಜುಂ ಅಂತದೆ ರತ್ನ. ನೀನು ಹೆದರ್ತೀಯ ಅಂತ ಹೇಳ್ಲಿಲ್ಲ."

ಡಾಕ್ಟರು ಏರಿದ್ದ ಬಿ.ಪಿ. ನೋಡಿ ಹುಬ್ಬೇರಿಸಿದರು. ಮಾತ್ರೆ ಬದಲಿಸಿ, ಅವತ್ತು ಅಲ್ಲೇ ಉಳಿಸಿಕೊಂಡರು.