ಗುತ್ಯಮ್ಮ ಕಣ್ಣು ಬಿಟ್ಕೊಂಡು ತವರಿಗೆ ಹೋಗಿದ್ದು

ಗುತ್ಯಮ್ಮ ಸಾಗರಕ್ಕೆ ಸೊಸೆಯಾಗಿ ಬಂದು ತಲೆ ನೆರೀತಾ ಬಂತು. ಆದ್ರೂ ತವರೂರು ಮೇಳಿಗೆಗೆ ಹೋಗೋ ದಾರಿ ಹೇಗಿದೆ ಅಂತ ಅವಳಿಗೆ ಗೊತ್ತಿಲ್ಲ. ಬಸ್ ಹತ್ತಿದ್ರೆ ಸಾಕು, ಹೊಟ್ಟೆ ತೊಳಸೋದು. ಕಣ್ಣು ಮುಚ್ಚಿ ಮೂಗಿಗೆ ನಿಂಬೆಹಣ್ಣು ಹಿಡಿದ್ರೆ, ಅಮ್ಮ "ಬಂದ್ಯಾ ಮಗಾ" ಅಂದಾಗ್ಲೇ ಕಣ್ಣು ಬಿಡೋದು. ಅವಳ ಪ್ರಕಾರ ಸಾಗರಕ್ಕೂ ಮೇಳಿಗೆಗೂ ನಡುವೆ ಇರೋದು ಒಂದು ನಿಂಬೆಹಣ್ಣು, ಅಷ್ಟೇ.

ಅರವತ್ಮೂರನೇ ಇಸವಿ ಬೇಸಿಗೇಲಿ ಗಂಡನಿಗೆ ಹೇಳೇಬಿಟ್ಳು. "ಈ ಸಲ ನಾನು ಗಾಡೀಲಿ ಹೋಗೋದು. ದಾರಿ ಪೂರ್ತಿ ನೋಡ್ಕೊಂಡು."

ಗಂಡ ಚಂದ್ರಯ್ಯ ಊಟಕ್ಕೆ ಕೂತಾಗ್ಲೇ ಕೈ ತೊಳಿಯಕ್ಕೆ ಎದ್ದು ನಿಲ್ಲೋ ಪೈಕಿ. "ದಾರೀಲಿ ಎಂತ ಇದ್ಯೇ ನೋಡಕ್ಕೆ? ಒಂದು ಮರ. ಅದಾದ್ಮೇಲೆ ಇನ್ನೊಂದು ಮರ."

"ಆ ಇನ್ನೊಂದನ್ನೂ ನೋಡ್ತೀನಿ."

"ನೀ ಬರೋದ್ರೊಳಗೆ ನಾನು ಅತ್ತೆ ಮನೇಲಿ ಉಂಡು, ಮಲಗಿ, ಎದ್ದಿರ್ತೀನಿ" ಅಂದು ಚಂದ್ರಯ್ಯ ಬಸ್ ಹತ್ತಿದ.

ಗಾಡಿ ಪುಟ್ಟಪ್ಪಂದು. ಎತ್ತು ಒಂದೇ, ಹೆಸರು ಕೆಂದ. ಒಬ್ಬ ಬಳೆಗಾರನ ಹತ್ರ ಕೊಂಡಿದ್ದು. ಊರು ದಾಟಿ ಮೊದಲ ಮನೆ ಸಿಕ್ಕಿದ್ದೇ ಕೆಂದ ನಿಂತ.

"ಎಂತಾಯ್ತೋ ಪುಟ್ಟಪ್ಪ?"

"ಏನಿಲ್ಲ ಅಮ್ಮಾ. ಹಳೇ ಚಾಳಿ. ಮನೆಯಿಂದ ಯಾರಾದ್ರೂ ಬಂದು ಬಳೆ ಸದ್ದು ಮಾಡೋ ತನಕ ಕಾಲು ಕೀಳಲ್ಲ."

ಗುತ್ಯಮ್ಮ ತನ್ನ ಬಳೇನೇ ಆಡಿಸಿದ್ಳು. ಕೆಂದ ಕಿವೀನೂ ಅಲ್ಲಾಡಿಸ್ಲಿಲ್ಲ. ಗಾಡಿ ಒಳಗಿನ ಬಳೆ ಮಾರಕ್ಕಿರೋದು, ಯಾರೂ ತೊಟ್ಟಿದ್ದಲ್ಲ ಅಂತ ಅದಕ್ಕೆ ಗೊತ್ತು.

ಸರಿ, ಮನೆಯೋಳನ್ನ ಕರೆದ್ರು. ಕರೆದ ಮೇಲೆ ನೀರು ಬೆಲ್ಲ ಕೊಡದೆ ಯಾರು ಬಿಡ್ತಾರೆ? ಬೆಲ್ಲ ಬಾಯಿಗೆ ಹಾಕ್ಕೊಂಡ ಮೇಲೆ ಮಾತಾಡದೆ ಹೇಗೆ ಏಳೋದು? ಹೀಗೆ ಮನೆ ಮನೆ ಮುಂದೆ ನಿಂತು, ಒಂದು ಕಡೆ ಮಿಡಿ ಉಪ್ಪಿನಕಾಯಿ ರುಚಿ ನೋಡಿ, ಇನ್ನೊಂದು ಕಡೆ ಬಾಣಂತಿ ಮಗೂಗೆ ಹೆಸರು ಹುಡುಕಿಕೊಟ್ಟು, ಮಂಗಟ್ಟೆ ಹಕ್ಕಿ ಹಾರೋದನ್ನ ಕತ್ತು ನೋಯೋ ತನಕ ನೋಡಿ, ರಾತ್ರಿ ಆನಂದಪುರದ ಆಚೆ ವೆಂಕಮ್ಮ ಅನ್ನೋರ ಮನೇಲಿ ತಂಗಿದ್ದಾಯ್ತು. ಬೆಳಿಗ್ಗೆ ಅವರು ಬಿಸಿ ಕಡುಬು ಕಟ್ಟಿಕೊಟ್ರು.

ರಿಪ್ಪನ್‌ಪೇಟೆ ಹತ್ರ ಬರ್ತಾರೆ, ಒಂದು ಬಸ್ಸು ಬಾನೆಟ್ಟಿನ ಬಾಯಿ ಕಳಕೊಂಡು ಕೆಟ್ಟು ನಿಂತಿದೆ. ಪಕ್ಕದ ಕಲ್ಲಿನ ಮೇಲೆ ಚಂದ್ರಯ್ಯ. ನಿನ್ನೆಯಿಂದ ಡ್ರೈವರು "ಇನ್ನೇನು ಹೊರಡ್ತದೆ" ಅಂತಾನೇ ಇದ್ನಂತೆ. ಅವಸರದ ಮನುಷ್ಯ, ಹೊರಡೋ ಬಸ್ಸನ್ನ ಹೇಗೆ ಬಿಡೋದು? ಈಗ ಬಂದು ಗಾಡಿ ಹತ್ತಿದ.

ಪೇಟೆ ದಾಟಿದ ಮೇಲೆ ಹಿಂದಿನಿಂದ ಬೇರೆ ಬಸ್ಸಿನ ಹಾರ್ನ್. ಚಂದ್ರಯ್ಯ ಹಾರಿ ಹೋಗಿ ಅಡ್ಡ ನಿಂತ. "ಬಾರೇ, ಹತ್ತು!"

ಕಂಡಕ್ಟರೂ ಬಾಗಿಲಲ್ಲಿ ನಿಂತು ಕೂಗಿದ. "ಬೇಗ ಅಮ್ಮಾ, ತೀರ್ಥಹಳ್ಳಿ ತೀರ್ಥಹಳ್ಳಿ!"

ಹೊಗೆ ವಾಸನೆಗೇ ಗುತ್ಯಮ್ಮನ ಹೊಟ್ಟೆ ತಿರುಗ್ತು. ಕಣ್ಣು ಮುಚ್ಚೋ ಹಾಗಾಯ್ತು, ಮುಚ್ಚಲಿಲ್ಲ. ಗಾಡಿ ಗೂಟ ಗಟ್ಟಿಯಾಗಿ ಹಿಡ್ಕೊಂಡ್ಳು. "ನೀವು ಹೋಗಿ. ಅರ್ಧ ದಾರಿ ನೋಡಿದೀನಿ. ಉಳಿದರ್ಧ ಬಿಡೋಳಲ್ಲ ನಾನು."

ಚಂದ್ರಯ್ಯ ಬಸ್ಸು ನೋಡಿದ. ಅವಳ ಮಡಿಲಲ್ಲಿದ್ದ ಕಡುಬು ನೋಡಿದ. ಬಸ್ಸು ಹೋಯ್ತು.

ಹುಂಚದ ಹತ್ರ ಕೆಂದ ಮತ್ತೆ ನಿಂತ. ಆ ಮನೇಲಿದ್ದಿದ್ದು ಹೇರಂಬ ಅನ್ನೋ ಒಂಟಿ ಬ್ರಹ್ಮಚಾರಿ. "ನಮ್ಮಲ್ಲಿ ಬಳೆ ತೊಡೋರು ಯಾರೂ ಇಲ್ಲ ಮಾರಾಯ್ರೆ" ಅಂದ ಜಗಲಿಯಿಂದ.

"ಹೊಡಿಯೋ ಪುಟ್ಟಪ್ಪ!" ಅಂತ ಚಂದ್ರಯ್ಯ ಅವಸರ ಮಾಡಿದ.

"ಹೊಡೆದ್ರೆ ಮಲಗ್ತದೆ ಅಯ್ಯಾ. ಮಲಗಿದ್ರೆ ನಾಳೆಗೇ."

"ನೀನಾದ್ರೂ ಇಳಿದು, ಆ ಮನೆ ಒಳಗಿಂದ ಬಂದು ಬಳೆ ಆಡಿಸೇ" ಅಂದ ಚಂದ್ರಯ್ಯ.

"ನನಗೇನು ಅವಸರ? ಅವಸರ ಇರೋರು ಹೋಗಿ" ಅಂತ ಗುತ್ಯಮ್ಮ ಎರಡು ಬಳೆ ಬಿಚ್ಚಿಕೊಟ್ಳು.

ಚಂದ್ರಯ್ಯ ಹಿಂದಿನ ಬಾಗಿಲಿಂದ ಒಳಗೆ ಹೋಗಿ, ಮುಂದಿನ ಬಾಗಿಲಿಂದ ಬಂದ. ಬಳೆ ಬೆರಳಿನ ಗೆಣ್ಣು ದಾಟಿರ್ಲಿಲ್ಲ. ಹಾಗೇ ಕೈ ಎತ್ತಿ ಆಡಿಸಿದ. ಕೆಂದ ಅವನನ್ನ ಮೇಲಿಂದ ಕೆಳಗೆ ನೋಡ್ತು. ಇಂಥಾ ಗಿರಾಕೀನೂ ಕಂಡಿದೀನಿ ಅನ್ನೋ ಹಾಗೆ ಹೊರಡ್ತು.

"ನಿಲ್ಸೋ!" ಅಂತ ಕೂಗಿದ್ದು ಚಂದ್ರಯ್ಯನೇ. ಹೇರಂಬ ಬೆಲ್ಲ ತರಕ್ಕೆ ಒಳಗೆ ಹೋಗಿದ್ದ.

ಮೇಳಿಗೆಗೆ ಯಾವಾಗ ಮುಟ್ಟಿದ್ರು ಅಂತ ಕೇಳ್ಬೇಡಿ. ಅಮ್ಮ ರಂಗಮ್ಮ ಓಡಿ ಬಂದು ಅಂಗಳದಲ್ಲೇ ಕೇಳಿದ್ಳು. "ಬಂದ್ಯಾ ಮಗಾ! ದಾರಿ ಹೇಗಿತ್ತು?"

ಚಂದ್ರಯ್ಯ ಬಾಯಿ ತೆಗೆದ. "ಅತ್ತೇ, ಆ ಹುಂಚದ ಹತ್ರ ಒಂದು ಮನೆ..."

"ಸುಮ್ನಿರಿ" ಅಂದ್ಳು ಗುತ್ಯಮ್ಮ. "ದಾರಿ ನಂದು. ನೀವು ನಿಮ್ಮ ಬಸ್ಸಿಂದು ಹೇಳಿ."

ಚಂದ್ರಯ್ಯ ಬಸ್ಸಿಂದು ಹೇಳಿದ. ಬೇಗ ಮುಗೀತು. ಆಮೇಲೆ ಗುತ್ಯಮ್ಮ ಜಗಲೀಲಿ ಕಾಲು ನೀಡಿ ಕೂತು, ಸಾಗರದ ಆಚೆಗಿನ ಮೊದಲ ಮನೆಯಿಂದ ಶುರು ಮಾಡಿದ್ಳು.