ಬ್ಯಾಟು ಹಿಡಿದ ಕರಡಿಗಳು

ನಮ್ಮತ್ತೆ ಕಸ್ತೂರೆಮ್ಮ ಗಂಗಾವತಿಗೆ ಹೋದದ್ದು ಒಂದು ಸೀರೆ ತರಲು. ಹನುಮಸಾಗರಕ್ಕೆ ತಿರುಗಿ ಬಂದದ್ದು ಬಾಡಿಗೆ ಟೆಂಪೊ ತುಂಬ ಬಟ್ಟೆ ಹೇರಿಕೊಂಡು. ಯಾವುದೋ ಅಂಗಡಿ ಮುಚ್ಚುತ್ತಿತ್ತಂತೆ, ಇದ್ದಬದ್ದ ಥಾನುಗಳನ್ನು ಕೇಳಿದ ದರಕ್ಕೆ ಕೊಟ್ಟುಬಿಟ್ಟರಂತೆ. ಅವರು ಯಾಕೆ ಅಷ್ಟು ಖುಷಿಯಿಂದ ಕೊಟ್ಟರು ಎನ್ನುವುದು ಮೊದಲ ಥಾನು ಬಿಚ್ಚಿದಾಗ ಗೊತ್ತಾಯಿತು. ಮಕ್ಕಳ ಹಾಸಿಗೆಗೆಂದು ಛಾಪಿಸಿದ ಹಳದಿ ಬಟ್ಟೆ. ಅದರ ತುಂಬ ಕ್ರಿಕೆಟ್ ಬ್ಯಾಟು ಹಿಡಿದು ನಿಂತ ಕರಡಿಗಳು. ಎಲ್ಲ ಥಾನಿನಲ್ಲೂ ಅವೇ.

ಮಾವ ಗವಿಸಿದ್ದಪ್ಪ ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು: "ಗುಡ್ಡದಾಗಿನ ಕರಡಿ ಸಾಲಲಿಲ್ಲೇನು ನಿನಗ?"

ಅತ್ತೆ ಟೆಂಪೊದವನನ್ನು ಒಳಗೆ ಕರೆದರು. ಥಾನುಗಳನ್ನೆಲ್ಲ ಬೀದಿಗೆ ಬಾಗಿಲಿರುವ ಕೋಣೆಯಲ್ಲಿ ಸೂರಿನ ತನಕ ಒಟ್ಟಿಸಿದರು.

ಆ ಕೋಣೆ ನನ್ನದಾಗಬೇಕಿತ್ತು. ಮುನಿರಾಬಾದಿನ ತವರಿನಲ್ಲಿ ನಾನು ಹೊಲಿಗೆ ಕಲಿತವಳು, ಮಷಿನ್ನು ಕೂಡ ತಂದಿದ್ದೆ. ಅಂಗಡಿ ಹಾಕಲು ಕೋಣೆ ಬಿಟ್ಟುಕೊಡುತ್ತೇವೆಂದು ನಿಶ್ಚಯದ ದಿನವೇ ಮಾತಾಗಿತ್ತು. ಈಗ ಮಷಿನ್ನು ಮಂಚದ ಕೆಳಗೆ, ಕೋಣೆಯಲ್ಲಿ ಕರಡಿಗಳು. ಕೇಳಿದ್ದಕ್ಕೆ ಅತ್ತೆ ಎಲ್ಲರೆದುರು ಹೇಳಿದರು: "ನನ್ನ ಅರಿವಿ ಮುಗೀಲಿ, ಕೋಣಿ ನಿಂದು."

ಸರಿ, ಬಟ್ಟೆ ಮುಗಿಸೋಣ ಎಂದುಕೊಂಡೆ. ಮೊದಲು ದಿಂಬಿನ ಚೀಲ, ಗಾದಿಯ ಹೊದಿಕೆ, ಕಿಟಕಿಯ ಪರದೆ. ಆಮೇಲೆ ಟಿವಿಗೆ, ಮಿಕ್ಸರಿಗೆ, ಟ್ರ್ಯಾಕ್ಟರಿನ ಸೀಟಿಗೆ. ಮಾಗಿಯ ಚಳಿಗೆ ಎಮ್ಮೆಗೆ ಒಂದು ಜೂಲು. ಅದು ಎರಡು ದಿನ ತನ್ನ ಮೈಯನ್ನು ತಾನೇ ಅನುಮಾನದಿಂದ ನೋಡಿಕೊಂಡಿತು. ನನ್ನ ಗಂಡ ಪರಮೇಶನಿಗೆ ಚಡ್ಡಿ ಹೊಲಿದೆ. ಅವು ಹಗ್ಗದ ಮೇಲೆ ಒಣಗುವುದನ್ನು ಕಂಡ ಗೆಳೆಯರು, ನೀನು ಓಪನರ್ರೋ ಕೊನೆಯ ಬ್ಯಾಟ್ಸ್‌ಮನ್ನೋ ಎಂದು ಕೇಳಲು ಶುರು ಮಾಡಿದ ಮೇಲೆ ಅವನು ಅವನ್ನು ರಾತ್ರಿ ಮಾತ್ರ ಹಾಕಿಕೊಂಡ. ದೇವರ ಜಗುಲಿಗೂ ಪರದೆ ಕಟ್ಟಿದೆ. ಪೂಜೆಗೆ ಬಂದ ಅಯ್ಯನವರು ಕಣ್ಣು ಮುಚ್ಚಿ ಕೈಮುಗಿದು, ಕಣ್ಣು ತೆರೆದು, ಪರದೆಯನ್ನು ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ಕೈಮುಗಿದರು.

ಕೌದಿಗೂ ಒಂದಷ್ಟು ಹೋಯಿತು. ಆದರೂ ಅರ್ಧ ಕೋಣೆ ಹಾಗೇ ಇತ್ತು.

ಉಳಿದದ್ದಕ್ಕೆ ಅತ್ತೆಯೇ ದಾರಿ ಹುಡುಕಿದರು. ಜಂಪರ್ ಪೀಸಿನಷ್ಟು, ಒಂದು ರವಿಕೆಗಾಗುವ ಅಳತೆಗೆ ಕತ್ತರಿಸಿ ಮಡಚಿಡಲು ಹೇಳಿದರು. ಊರಲ್ಲಿ ಮದುವೆ, ತೊಟ್ಟಿಲು, ಮನೆ ಶಾಂತಿ, ಏನೇ ಇರಲಿ, ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಒಂದು ಕರಡಿ ಪೀಸು. ನಮ್ಮ ಮನೆಗೆ ನೀರು ಕೇಳಲು ಬಂದವರಿಗೂ ಕುಂಕುಮ ಹಚ್ಚಿ ಉಡಿ ತುಂಬಿದರು. ಎದುರು ಮನೆಯ ಶಿವಲಿಂಗಮ್ಮ ಒಮ್ಮೆ, ನನ್ನ ಹತ್ತಿರ ಈಗಾಗಲೇ ಮೂರಿವೆ ಎಂದು ತಿರುಗಿ ಕೊಡಲು ಬಂದಳು. ಅತ್ತೆ ಕೈ ಹಿಂದೆ ಕಟ್ಟಿಕೊಂಡರು.

"ಉಡ್ಯಾಗ ಬಿದ್ದದ್ದು ನಿಂದವ್ವಾ. ಕೊಟ್ಟಾಕಿ ವಾಪಸ್ ಮುಟ್ಟಬಾರದು. ಮುಟ್ಟಿದ್ರ ಮನಿಗೆ ಕೇಡು."

ಆ ಪೀಸನ್ನು ಯಾರೂ ಹೊಲಿಸಲಿಲ್ಲ. ಬೆನ್ನ ಮೇಲೆ ಕರಡಿ ಹೊತ್ತು ತಿರುಗುವ ಧೈರ್ಯ ಯಾರಿಗಿದ್ದೀತು? ಎಲ್ಲ ಟ್ರಂಕು ಸೇರಿದವು. ನಮಗೆ ಅದರಿಂದ ಏನಾಗಬೇಕು? ಕೊನೆಯ ಥಾನು ಮುಗಿಯಿತು. ನಾನು ಕೋಣೆಗೆ ಸುಣ್ಣ ಹೊಡೆಸಿದೆ, ಮಷಿನ್ನು ತಂದಿಟ್ಟೆ, ಬಾಗಿಲಿಗೆ ಹೊಸ ಕೀಲಿ ಕೊಂಡೆ. ಅಷ್ಟರಲ್ಲಿ ನಾನು ಬಸುರಿಯಾಗಿದ್ದೆ. ಏಳನೇ ತಿಂಗಳಿಗೆ ಕುಬಸ ಇಟ್ಟುಕೊಂಡರು. ಅದು ಮುಗಿದ ಕೂಡಲೇ ಹೆರಿಗೆಗೆ ತವರಿಗೆ ಹೋಗುವುದು.

ಕುಬಸವೆಂದರೆ ಬಂದ ಹೆಂಗಸರೆಲ್ಲ ಬಸುರಿಯ ಉಡಿಗೆ ಒಂದೊಂದು ಜಂಪರ್ ಪೀಸು ಹಾಕಬೇಕು. ಬಂದ ಪೀಸನ್ನು ಇನ್ನೊಬ್ಬರಿಗೆ ದಾಟಿಸುವುದು ನಮ್ಮ ಕಡೆ ಹೊಸದಲ್ಲ. ಕೊಟ್ಟವಳಿಗೇ ತಿರುಗಿ ಕೊಡಬಾರದು, ಅಷ್ಟೇ ನಿಯಮ. ಇಲ್ಲಿ ಕೊಟ್ಟವಳು ಅತ್ತೆ, ತೆಗೆದುಕೊಳ್ಳುವವಳು ಸೊಸೆ. ನಿಯಮ ಎಲ್ಲೂ ಮುರಿಯುವುದಿಲ್ಲ. ಇದು ತನಗೊಬ್ಬಳಿಗೇ ಹೊಳೆದದ್ದು ಎಂದು ಊರಿನ ಪ್ರತಿಯೊಬ್ಬಳೂ ತಿಳಿದಿದ್ದಳು.

ಹಸಿರು ಸೀರೆ ಉಡಿಸಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಬಳೆಗಾರ್ತಿ ಜುಬೇದಾಬೀ ಕೈತುಂಬ ಬಳೆ ಇಟ್ಟಳು. ಮೊದಲು ಬಂದ ಶಿವಲಿಂಗಮ್ಮ ಉಡಿಗೆ ಹಾಕಿದ್ದು ಕರಡಿ. ಅವಳ ಹಿಂದಿನವಳದೂ ಕರಡಿ. ಮೂರನೆಯವಳು ಚೀಲದಿಂದ ಕೈ ಹೊರಗೆ ತೆಗೆಯಲು ಹಿಂದೆಮುಂದೆ ನೋಡಿದಳು, ಬೇರೆ ದಾರಿಯಿಲ್ಲದೆ ಅವಳೂ ಅದನ್ನೇ ಹಾಕಿದಳು. ಸಾಲು ಅರ್ಧ ಮುಗಿಯುವಷ್ಟರಲ್ಲಿ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಮುನಿರಾಬಾದಿನಿಂದ ಬಂದಿದ್ದ ನನ್ನವ್ವ, ಈ ಊರ ದೇವರು ಕರಡಿಯೇ ಎಂದು ಕಿವಿಯಲ್ಲಿ ಕೇಳಿದಳು.

ಉಡಿ ತುಂಬಿ ಚಾಪೆಯ ಮೇಲೆ ರಾಶಿ ಬಿತ್ತು. ಅತ್ತೆಯ ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ನಿಧಾನವಾಗಿ ಬೆಳಗಿತು. ನನಗೆ ಆ ಬೆಳಕು ಸೇರಲಿಲ್ಲ.

"ಎಲ್ಲಾ ಕೋಣ್ಯಾಗ ಒಯ್ದು ಇಡ್ರಿ," ಎಂದರು. "ಅರಿವಿ ಇನ್ನೂ ಮುಗಿದಿಲ್ಲ ನೋಡು ಸುನಿತಾ. ಹಡದು ಬಾ, ಕೋಣಿ ಮಾತು ಆಮ್ಯಾಲ ನೋಡೂಣು."

ನಾನು ತವರಿನಲ್ಲಿರುವಾಗ ಆ ಕೋಣೆಗೆ ಏನೇನು ಬಂದು ಸೇರುತ್ತದೆ ಎಂದು ನನಗೆ ಗೊತ್ತಿತ್ತು. ಇನ್ನೊಂದು ಟೆಂಪೊಗೆ ಎಷ್ಟು ಹೊತ್ತು?

"ಅತ್ತೀ, ಉಡ್ಯಾಗ ಬಿದ್ದದ್ದು ಯಾರದರಿ?" ಎಂದೆ.

ಅತ್ತೆ ಕೇಳಿಸದವರಂತೆ ಎಲೆಅಡಿಕೆಯ ತಟ್ಟೆ ಹುಡುಕತೊಡಗಿದರು. ಶಿವಲಿಂಗಮ್ಮ ಬಿಡಲಿಲ್ಲ. "ಹೇಳ್ರಿ ಕಸ್ತೂರಕ್ಕಾ, ನನಗ ಹೇಳಿದ್ರಲ್ಲ."

"ಉಡಿ ಯಾರದೋ ಅವರದು," ಎಂದರು ಅತ್ತೆ, ತಟ್ಟೆಗೆ ಹೇಳುವಂತೆ.

"ಹಂಗಾದ್ರ ನಿಮ್ಮ ಅರಿವಿ ಮುಗೀತ್ರಿ. ಇವು ನನ್ನ ಕರಡಿ. ಮುಟ್ಟಬ್ಯಾಡ್ರಿ, ಮನಿಗೆ ಕೇಡು," ಎಂದೆ ನಾನು.

ಜುಬೇದಾಬೀ ಬಳೆಯ ಪೆಟ್ಟಿಗೆ ಮುಚ್ಚಿಟ್ಟು ಹೊಟ್ಟೆ ಹಿಡಿದು ನಕ್ಕಳು. ಮಾವ ಹೊರಗಿನ ಕಟ್ಟೆಯಲ್ಲಿ ಕೂತು ಕೆಮ್ಮುತ್ತಿದ್ದರು. ಅದು ಕೆಮ್ಮಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ಪೀಸುಗಳನ್ನು ನಾನೇ ಒಯ್ದು ಮಷಿನ್ನಿನ ಪಕ್ಕ ಒಟ್ಟಿದೆ, ಕೋಣೆಗೆ ಕೀಲಿ ಹಾಕಿದೆ, ಕೀಲಿಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡೆ. ಕಾರು ಹೊರಡುವಾಗ ಅತ್ತೆ ಕಿಟಕಿಗೆ ಬಂದರು. ಕೀಲಿಕೈ ಬಿಟ್ಟುಹೋಗು, ಧೂಳು ಹೊಡೆಯಬೇಕಲ್ಲ ಎಂದರು. ಧೂಳು ಇರಲಿ ಬಿಡ್ರಿ ಎಂದೆ. ಅವರು ಕಿಟಕಿಯೊಳಗೆ ಬಗ್ಗಿದರು.

"ಕೂಸಿನ ಕುಂಚಿಗಿಗೆರ ಒಂದು ತುಂಡು ತಗೊಂಡಿಯೋ ಇಲ್ಲೋ?"

ಕೂಸಿನ ಟೊಪ್ಪಿಗೆಗಾಗುವಷ್ಟು ತೆಗೆದುಕೊಂಡಿದ್ದೆ. ಮಕ್ಕಳಿಗೆಂದೇ ಛಾಪಿಸಿದ ಬಟ್ಟೆಯನ್ನು ಎಮ್ಮೆಗೂ ಹೊಲಿದಿದ್ದ ನಮಗೆ ಕೂಸಿನ ನೆನಪು ಬಂದದ್ದು ಅವತ್ತೇ.

"ಕರಡಿ ನೆಟ್ಟಗ ಬರೂ ಹಂಗ ಕತ್ತರಸು," ಎಂದರು ಅತ್ತೆ. "ಪರದೆದಾಗ ತಲಿ ಕೆಳಗ ಮಾಡಿದ್ದಿ."